ಸಂಪಾಜೆಯಾಚೆ ಒಂದು ಲಸಿಕೆ ಜಾಸ್ತಿ, ಯಾಕೆ?

ಮಗುವಿಗೆ ಒಂಬತ್ತು ತಿಂಗಳು ತುಂಬಿತು. ಗುರುವಾರ ಅಂಗನವಾಡಿಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡು ಬಂದಿರಿ. ಸಂಜೆ ತಾಯಿ ಕಾರ್ಡ್ ತೆಗೆದು ನೋಡಿದರೆ ಒಂದು ಸಾಲು ಖಾಲಿ ಇದೆ. ‘ಜೆಇ’ ಅಂತ ಅಚ್ಚಾಗಿದೆ, ಎದುರಿಗೆ ತಾರೀಕಿಲ್ಲ. ಸುಳ್ಯದಲ್ಲಿರುವ ನಾದಿನಿಗೆ ಫೋನ್ ಮಾಡಿದರೆ, “ನಮ್ಮ ಮಗುವಿಗೆ ಹಾಕಿದ್ದಾರಲ್ಲ ಅತ್ತಿಗೆ, ನಿಮಗೆ ಹಾಕಲಿಲ್ವಾ?” ಅನ್ನುತ್ತಾಳೆ. ಅಲ್ಲಿಂದ ಶುರುವಾಗುತ್ತದೆ ಚಿಂತೆ. ಸಿಸ್ಟರ್ ಮರೆತರಾ? ಸ್ಟಾಕ್ ಇರಲಿಲ್ವಾ? ಕೊಡಗಿನ ಮಕ್ಕಳಿಗೆ ಮಾತ್ರ ಯಾಕೆ ಇಲ್ಲ?

ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಜಾಸ್ತಿ ಏಳುವುದಕ್ಕೆ ಕಾರಣ ಇದೆ. ಕೊಡಗಿನ ಸುತ್ತ ಗಡಿಗಳೇ. ಸಂಪಾಜೆ ದಾಟಿದರೆ ದಕ್ಷಿಣ ಕನ್ನಡ, ಕೊಡ್ಲಿಪೇಟೆ ಬಿಟ್ಟರೆ ಹಾಸನ, ಕುಶಾಲನಗರದ ಸೇತುವೆ ಆಚೆ ಮೈಸೂರು ಜಿಲ್ಲೆ, ಕುಟ್ಟದಿಂದ ಮುಂದೆ ಕೇರಳ. ನೆಂಟರು ಎಲ್ಲ ಕಡೆ ಇದ್ದಾರೆ. ಒಂದೇ ದೇಶ, ಒಂದೇ ಕಾರ್ಯಕ್ರಮ, ಆದರೆ ಕಾರ್ಡಿನಲ್ಲಿ ತುಂಬಿದ ಸಾಲುಗಳು ಬೇರೆ ಬೇರೆ. ಯಾಕೆ ಹೀಗೆ ಅಂತ ಬುಡದಿಂದ ನೋಡೋಣ.

ಎಲ್ಲ ಮಕ್ಕಳಿಗೂ ಹಾಕುವ ಲಸಿಕೆಗಳು

ಭಾರತದಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ 1978ರಲ್ಲಿ ಶುರುವಾಯಿತು. 1985ರಲ್ಲಿ ಅದಕ್ಕೆ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಅಂತ ಹೆಸರಾಯಿತು. ಪ್ರತಿ ವರ್ಷ ಹುಟ್ಟುವ 2.5 ಕೋಟಿಗೂ ಜಾಸ್ತಿ ಮಕ್ಕಳಿಗೆ ಇದರಲ್ಲಿ ದುಡ್ಡಿಲ್ಲದೆ ಲಸಿಕೆ ಸಿಗುತ್ತದೆ. ಒಟ್ಟು 12 ರೋಗಗಳಿಗೆ ಈಗ ಲಸಿಕೆ ಇದೆ.

ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಪೆಂಟಾವಲೆಂಟ್. ಈ ಪೆಂಟಾ ಒಂದೇ ಚುಚ್ಚಿನಲ್ಲಿ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಅನ್ನುವ ಬ್ಯಾಕ್ಟೀರಿಯಾ, ಇಷ್ಟಕ್ಕೂ ತಡೆ ಕೊಡುತ್ತದೆ. ಅದರ ಜೊತೆ ಬೇಧಿ ತಡೆಯುವ ರೋಟಾ ಹನಿ, ನ್ಯುಮೋನಿಯಾ ತಡೆಯುವ ಪಿಸಿವಿ, ಪೋಲಿಯೊ ಚುಚ್ಚುಮದ್ದು. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ. ಮಡಿಕೇರಿಯಲ್ಲಿ ಹುಟ್ಟಿದರೂ ಇದೇ, ಬೀದರಿನಲ್ಲಿ ಹುಟ್ಟಿದರೂ ಇದೇ, ಮಣಿಪುರದಲ್ಲೂ ಇದೇ.

12ರಲ್ಲಿ ಉಳಿದ ಒಂದೇ ಒಂದು ಜೆಇ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್. ಪತ್ರಿಕೆಗಳಲ್ಲಿ ಮೆದುಳು ಜ್ವರ ಅಂತ ಬರೆಯುತ್ತಾರೆ. ಇದನ್ನು ಮಾತ್ರ ಜಿಲ್ಲೆ ನೋಡಿ ಹಾಕುತ್ತಾರೆ. ರೋಗ ಬೇರೂರಿದೆ ಅಂತ ಗುರುತಾದ ಜಿಲ್ಲೆಗಳಲ್ಲಿ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ನಡುವೆ.

ಕರ್ನಾಟಕದಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ, ಮಂಡ್ಯ, ಕೋಲಾರದಂಥ ಜಿಲ್ಲೆಗಳಲ್ಲಿ ಇದು ಮೊದಲಿನಿಂದ ಇತ್ತು. 2022ರ ಡಿಸೆಂಬರ್‌ನಲ್ಲಿ ಇನ್ನೂ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ದೊಡ್ಡ ಅಭಿಯಾನ ನಡೆಯಿತು. ದಕ್ಷಿಣ ಕನ್ನಡ, ಉಡುಪಿ, ಹಾಸನ ಆಗ ಸೇರಿದವು. ಆ ಹತ್ತರಲ್ಲಿ ಕೊಡಗು ಇರಲಿಲ್ಲ. ಸುಳ್ಯದ ಮಗುವಿಗೆ ಸಿಕ್ಕಿ ನಿಮ್ಮ ಮಗುವಿಗೆ ಸಿಗದಿರುವುದು ಹೀಗೆ. ಸಿಸ್ಟರ್ ಮರೆತದ್ದಲ್ಲ.

‘ಇನ್ನೂ ಬಂದಿಲ್ಲ’ ಬೇರೆ, ‘ಇಲ್ಲಿಗೆ ಇಲ್ಲ’ ಬೇರೆ

ಒಂದು ಲಸಿಕೆ ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ ಅಂದರೆ ಅದಕ್ಕೆ ಎರಡು ಬೇರೆ ಬೇರೆ ಕಾರಣ ಇರಬಹುದು. ಇವೆರಡನ್ನೂ ನಾವು ಒಂದೇ ಅಂದುಕೊಳ್ಳುತ್ತೇವೆ. ಗೊಂದಲ ಹುಟ್ಟುವುದೇ ಇಲ್ಲಿ.

ಮೊದಲನೆಯದು ಸರದಿ. ಲಸಿಕೆ ಎಲ್ಲರಿಗೂ ಬೇಕು, ಆದರೆ ಒಂದೇ ದಿನ ಇಡೀ ದೇಶಕ್ಕೆ ಕೊಡಲು ಆಗುವುದಿಲ್ಲ. ಅಷ್ಟು ಬಾಟಲಿ ತಯಾರಾಗಬೇಕು, ಸಿಬ್ಬಂದಿಗೆ ತರಬೇತಿ ಆಗಬೇಕು, ಫ್ರಿಜ್ಜಿನಲ್ಲಿ ಜಾಗ ಆಗಬೇಕು. ರೋಟಾ ಹನಿ 2016ರಲ್ಲಿ ಹಿಮಾಚಲ, ಹರಿಯಾಣ, ಒಡಿಶಾ, ಆಂಧ್ರ ಈ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ ದೇಶ ಪೂರ್ತಿ ಮುಟ್ಟಿದ್ದು 2019ಕ್ಕೆ. ಪಿಸಿವಿ 2017ರಲ್ಲಿ ಹಿಮಾಚಲ ಮತ್ತು ಬಿಹಾರ, ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಶುರುವಾಯಿತು. ನಮ್ಮ ಕಡೆಗೆಲ್ಲ ಬರುವಾಗ 2021. ಪೆಂಟಾ 2011ರ ಡಿಸೆಂಬರ್‌ನಲ್ಲಿ ಕೇರಳ ಮತ್ತು ತಮಿಳುನಾಡಿಗೆ ಮೊದಲು ಬಂತು. ಆಗ ಕುಟ್ಟದ ಗೇಟಿನ ಆಚೆ ಮಗುವಿಗೆ ಪೆಂಟಾ, ಈಚೆ ಮಗುವಿಗೆ ಇಲ್ಲ. ದಡಾರ-ರುಬೆಲ್ಲಾದಲ್ಲಿ ಉಲ್ಟಾ ಆಯಿತು. 2017ರ ಫೆಬ್ರುವರಿಯಲ್ಲಿ ಅದನ್ನು ಮೊದಲು ಶುರು ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಈ ವ್ಯತ್ಯಾಸ ಕೆಲವು ವರ್ಷದ ಮಾತು. ಕೊನೆಗೆ ಎಲ್ಲ ಕಡೆ ಒಂದೇ ಆಗುತ್ತದೆ.

ಎರಡನೆಯದು ಜಾಗ. ಇಲ್ಲಿ ಸರದಿಯ ಪ್ರಶ್ನೆ ಬರುವುದಿಲ್ಲ. ರೋಗವೇ ಕೆಲವು ಕಡೆ ಇರುತ್ತದೆ, ಕೆಲವು ಕಡೆ ಇರುವುದಿಲ್ಲ. ಕಾಫಿ ಬೆಳೆಯುವವರಿಗೆ ಈ ಲೆಕ್ಕ ಹೊಸದೇನಲ್ಲ. ಕಾಯಿಕೊರಕ ಅರೇಬಿಕಾಕ್ಕೂ ಬರುತ್ತದೆ, ರೋಬಸ್ಟಾಕ್ಕೂ ಬರುತ್ತದೆ. ಅದಕ್ಕೇ ಕುಯ್ಲಿನ ನಂತರ ಉದುರಿದ ಹಣ್ಣು ಹೆಕ್ಕುವ ಕೆಲಸ ಎಲ್ಲ ತೋಟದಲ್ಲೂ ಮಾಡಬೇಕು. ಬಿಳಿ ಕಾಂಡಕೊರಕ ಹಾಗಲ್ಲ, ಅದು ಅರೇಬಿಕಾದ ಕಾಟ. ಸೋಮವಾರಪೇಟೆ ಕಡೆಯ ಅರೇಬಿಕಾ ತೋಟದವರು ಹುಳ ಬಿದ್ದ ಗಿಡ ಗುರುತಿಸಿ ಕಿತ್ತು ಸುಡುತ್ತಾರೆ. ಸಿದ್ದಾಪುರ ಕಡೆಯ ರೋಬಸ್ಟಾ ತೋಟದವರು ಅದಕ್ಕೆ ಆಳು ಇಡುವುದಿಲ್ಲ. ಅದು ಅವರ ಅಸಡ್ಡೆ ಅಲ್ಲ, ಅವರ ತೋಟಕ್ಕೆ ಅದು ಬೇಕಿಲ್ಲ. ರೋಟಾ ಲಸಿಕೆ ಕಾಯಿಕೊರಕದ ಲೆಕ್ಕಕ್ಕೆ ಸೇರುತ್ತದೆ, ಜೆಇ ಕಾಂಡಕೊರಕದ ಲೆಕ್ಕಕ್ಕೆ.

ಜೆಇ ಊರು ನೋಡಿ ಬರುವುದು ಹೇಗೆ

ಜೆಇ ಒಂದು ವೈರಸ್. ಅದು ವಾಸ ಮಾಡುವುದು ನೀರಿನ ಅಂಚಿನ ಹಕ್ಕಿಗಳಲ್ಲಿ, ಮುಖ್ಯವಾಗಿ ಬೆಳ್ಳಕ್ಕಿ, ಬಕಗಳಂಥವುಗಳಲ್ಲಿ. ಹಂದಿಯ ಮೈಗೆ ಹೋದರೆ ಬೇಗ ಬೇಗ ಹೆಚ್ಚಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಒಯ್ಯುವುದು ಕ್ಯೂಲೆಕ್ಸ್ ಜಾತಿಯ ಸೊಳ್ಳೆ. ಇದು ಡೆಂಗಿಯ ಸೊಳ್ಳೆ ಅಲ್ಲ. ಡೆಂಗಿ ಸೊಳ್ಳೆ ಹಗಲು ಕಚ್ಚುತ್ತದೆ, ಮನೆಯ ಸುತ್ತ ಡ್ರಮ್ಮು, ಟೈರುಗಳ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಜೆಇ ಹರಡುವ ಸೊಳ್ಳೆ ನೀರು ನಿಂತ ಗದ್ದೆಯಲ್ಲಿ ಹುಟ್ಟುತ್ತದೆ, ಮುಸ್ಸಂಜೆಯಿಂದ ರಾತ್ರಿವರೆಗೆ ಕಚ್ಚುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಲೇಖನದಲ್ಲಿ ಬೇರೆಲ್ಲ ಮರೆತರೂ ಇದನ್ನು ನೆನಪಿಡಿ. ಜೆಇ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಸೊಳ್ಳೆ ಕಚ್ಚಿ ಮಗುವಿನ ಮೈಗೆ ವೈರಸ್ ಹೋದರೂ, ಮಗುವಿನ ರಕ್ತದಲ್ಲಿ ಅದು ತೀರಾ ಕಡಿಮೆ ಇರುತ್ತದೆ. ಇನ್ನೊಂದು ಸೊಳ್ಳೆ ಆ ಮಗುವನ್ನು ಕಚ್ಚಿ ಬೇರೆಯವರಿಗೆ ದಾಟಿಸಲು ಅಷ್ಟು ಸಾಲದು. ವೈರಸ್ಸಿನ ಓಡಾಟ ಹಕ್ಕಿ, ಹಂದಿ, ಸೊಳ್ಳೆಗಳ ನಡುವೆ. ಮನುಷ್ಯನ ಮೈಗೆ ಬಂದರೆ ಅಲ್ಲಿಗೆ ಅದರ ದಾರಿ ಮುಗಿಯಿತು.

ಇದನ್ನು ದಡಾರದ ಜೊತೆ ಇಟ್ಟು ನೋಡಿ. ದಡಾರ ಬಂದ ಮಗು ಕೆಮ್ಮಿ ಹೋದ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆವರೆಗೂ ಉಳಿಯಬಹುದು. ಒಂದು ಜಿಲ್ಲೆಯಲ್ಲಿ ಲಸಿಕೆ ಬಿಟ್ಟರೆ ಬಸ್ಸು ಹತ್ತಿ ಪಕ್ಕದ ಜಿಲ್ಲೆಗೆ ಹೋಗುತ್ತದೆ. ಅದಕ್ಕೇ 100ರಲ್ಲಿ 95 ಮಕ್ಕಳಿಗಾದರೂ ಹಾಕಿ, ಲಸಿಕೆ ಪಡೆಯಲು ವಯಸ್ಸಾಗದ ಹಸುಗೂಸುಗಳನ್ನೂ ಕಾಪಾಡಬೇಕು ಅನ್ನುತ್ತಾರೆ. ಅಂಥ ರೋಗಕ್ಕೆ ಜಿಲ್ಲೆ ನೋಡಿ ಲಸಿಕೆ ಹಾಕಿದರೆ ಕೆಲಸ ಕೆಡುತ್ತದೆ. ಜೆಇಯಲ್ಲಿ ಈ ಕಟ್ಟು ಇಲ್ಲ. ಮಂಡ್ಯದ ಎಲ್ಲ ಮಕ್ಕಳಿಗೆ ಲಸಿಕೆ ಹಾಕಿದರೂ ಅಲ್ಲಿನ ಗದ್ದೆ ಬಯಲಿನಲ್ಲಿ ವೈರಸ್ ಇದ್ದೇ ಇರುತ್ತದೆ. ಹಾಗೇ, ಕೊಡಗಿನ ಮಗುವಿಗೆ ಲಸಿಕೆ ಹಾಕದಿದ್ದರೆ ಮಂಡ್ಯದ ಮಗುವಿಗೆ ಏನೂ ತೊಂದರೆ ಇಲ್ಲ. ಚುಚ್ಚಿಸಿಕೊಂಡ ಮಗುವಿಗೆ ಮಾತ್ರ ರಕ್ಷಣೆ.

ಧನುರ್ವಾಯು ಕೂಡ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲವಲ್ಲ, ಅದನ್ನು ಯಾಕೆ ಎಲ್ಲರಿಗೂ ಹಾಕುತ್ತಾರೆ ಅಂತ ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಮಣ್ಣಿಲ್ಲದ ಜಿಲ್ಲೆ ಇಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು. ರೋಗಾಣು ಎಲ್ಲ ಕಡೆ ಇದೆಯಾ? ಜನರ ಜೊತೆ ಊರೂರು ತಿರುಗುತ್ತದಾ? ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಲಸಿಕೆ ಎಲ್ಲರಿಗೂ ಬೇಕು. ಜೆಇಗೆ ಎರಡಕ್ಕೂ ಇಲ್ಲ ಅನ್ನುವುದೇ ಉತ್ತರ.

ಹಾಗಂತ ಜೆಇ ಸಣ್ಣ ರೋಗ ಅಲ್ಲ. ವೈರಸ್ ಹೊಕ್ಕವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಸುಮಾರು 250ರಲ್ಲಿ ಒಬ್ಬರಿಗೆ ಮಾತ್ರ ಜೋರಾಗುತ್ತದೆ. ಆದರೆ ಆ ಒಬ್ಬರಿಗೆ ಮೆದುಳೇ ಊದಿಕೊಳ್ಳುತ್ತದೆ. ಜ್ವರ, ತಲೆನೋವು, ಫಿಟ್ಸ್, ಪ್ರಜ್ಞೆ ತಪ್ಪುವುದು. ಹೀಗಾದವರಲ್ಲಿ 100ಕ್ಕೆ 30 ಮಂದಿವರೆಗೆ ಸಾಯಬಹುದು. ಉಳಿದ ಮಕ್ಕಳಲ್ಲಿ ಹಲವರಿಗೆ ಮಾತು, ನಡಿಗೆ, ಕಲಿಕೆ ಮೊದಲಿನಂತೆ ಬರುವುದಿಲ್ಲ. ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. 2005ರಲ್ಲಿ ಗೋರಖ್‌ಪುರದ ಸುತ್ತ ನೂರಾರು ಮಕ್ಕಳು ತೀರಿಹೋದ ಮೇಲೆಯೇ ನಮ್ಮ ದೇಶದಲ್ಲಿ ಈ ಲಸಿಕೆ ದೊಡ್ಡ ಮಟ್ಟದಲ್ಲಿ ಶುರುವಾಯಿತು. 2006ರ ಮೊದಲ ಸುತ್ತಿನಲ್ಲಿ ಉತ್ತರ ಪ್ರದೇಶ, ಅಸ್ಸಾಂ, ಪಶ್ಚಿಮ ಬಂಗಾಳದ ಜೊತೆ ಕರ್ನಾಟಕವೂ ಇತ್ತು. ಆಗ ಲಸಿಕೆ ಚೀನಾದಿಂದ ಬರುತ್ತಿತ್ತು. ಆಮೇಲೆ 2013ರಲ್ಲಿ ಬಂದ ಭಾರತದ್ದೇ ಲಸಿಕೆಯನ್ನು ಮಾಡಿದ್ದು ನಮ್ಮ ಕೋಲಾರದ ರೋಗಿಯೊಬ್ಬರಿಂದ 1980ರ ದಶಕದಲ್ಲಿ ಬೇರ್ಪಡಿಸಿದ್ದ ವೈರಸ್ಸಿನಿಂದ.

ಗದ್ದೆ, ಹಂದಿ, ಬೆಳ್ಳಕ್ಕಿ ನಮ್ಮಲ್ಲೂ ಇವೆಯಲ್ಲ

ಇಷ್ಟು ಓದಿದ ಕೊಡಗಿನವರಿಗೆ ಈ ಮಾತು ಬಂದೇ ಬರುತ್ತದೆ. ತೋಟದ ಕೆಳಗೆ ಗದ್ದೆ ಇದೆ. ನಾಟಿ ಸಮಯದಲ್ಲಿ ಗದ್ದೆ ತುಂಬ ಬೆಳ್ಳಕ್ಕಿ. ಹಂದಿ ಸಾಕುವ ಮನೆಗಳು ಎಷ್ಟೋ. ಹಾಗಿದ್ದ ಮೇಲೆ ನಮ್ಮ ಜಿಲ್ಲೆ ಪಟ್ಟಿಯಲ್ಲಿ ಯಾಕಿಲ್ಲ?

ಮೂರೂ ಇದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಸೊಳ್ಳೆ ಸಂಖ್ಯೆ ಒಂದು ಮಟ್ಟ ಮೀರಬೇಕು. ಸೊಳ್ಳೆಯೊಳಗೆ ವೈರಸ್ ಬೆಳೆಯಲು ಬೆಚ್ಚಗಿನ ಹವೆ ಬೇಕು, ಚಳಿ ಜಾಗದಲ್ಲಿ ಅದು ನಿಧಾನ. ನಾಲೆ ನೀರಿನಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯುವ ಕಡೆ ಗದ್ದೆಯಲ್ಲಿ ನೀರು ನಿಲ್ಲುವ ಕಾಲವೂ ಜಾಸ್ತಿ. ನಮ್ಮಲ್ಲಿ ಹೆಚ್ಚಿನ ಗದ್ದೆ ಮಳೆಗಾಲದ ಒಂದೇ ಬೆಳೆಯದ್ದು. ಆದರೆ ಇದನ್ನೇ ನಂಬಿ ಕೂರುವಂತೆಯೂ ಇಲ್ಲ. ಪಕ್ಕದ ಹಾಸನಕ್ಕೂ ಮಲೆನಾಡಿನ ಭಾಗ ಇದೆ, ಅದು ಪಟ್ಟಿಗೆ ಸೇರಿತಲ್ಲ.

ಪಟ್ಟಿ ಮಾಡುವವರು ಮುಖ್ಯವಾಗಿ ನೋಡುವುದು ಪರೀಕ್ಷೆಯಲ್ಲಿ ಖಚಿತವಾದ ರೋಗಿಗಳನ್ನು. ಜ್ವರದ ಜೊತೆ ಫಿಟ್ಸ್ ಬಂದರೆ, ಇಲ್ಲವೇ ಪ್ರಜ್ಞೆ ಏರುಪೇರಾದರೆ, ಅಂಥ ರೋಗಿಯ ಬಗ್ಗೆ ಆಸ್ಪತ್ರೆಯವರು ಆರೋಗ್ಯ ಇಲಾಖೆಗೆ ತಿಳಿಸಬೇಕು. ರಕ್ತವನ್ನೋ ಬೆನ್ನುಹುರಿಯ ನೀರನ್ನೋ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ನಮ್ಮ ರಾಜ್ಯದಲ್ಲಿ ಈ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ದೊಡ್ಡ ಕೇಂದ್ರ. ಮೆದುಳಿನ ಊತಕ್ಕೆ ಜೆಇ ಅಲ್ಲದೆ ಬೇರೆ ಹತ್ತಾರು ಕಾರಣಗಳಿವೆ, ಹಾಗಾಗಿ ಲಕ್ಷಣ ನೋಡಿ ಹೇಳಲಾಗುವುದಿಲ್ಲ. ಪರೀಕ್ಷೆಯಲ್ಲಿ ಜೆಇ ಅಂತಲೇ ಬಂದು, ಆ ರೋಗಿಗೆ ಸೋಂಕು ತಗುಲಿದ್ದು ಇದೇ ಜಿಲ್ಲೆಯಲ್ಲಿ ಅಂತ ಗೊತ್ತಾದರೆ ಆ ಜಿಲ್ಲೆಯ ಹೆಸರು ಮೇಲೆ ಬರುತ್ತದೆ.

ಈ ಪದ್ಧತಿಯಲ್ಲಿ ಒಂದು ಕೊರತೆ ಇದೆ, ಅದನ್ನು ಮುಚ್ಚಿಡಬಾರದು. ಹುಡುಕಿದ ಕಡೆ ರೋಗ ಸಿಗುತ್ತದೆ, ಹುಡುಕದ ಕಡೆ ಸಿಗುವುದಿಲ್ಲ. ಜ್ವರದಲ್ಲಿ ಫಿಟ್ಸ್ ಬಂದ ಮಗುವನ್ನು ಮನೆಯವರು ಪರೀಕ್ಷೆಗೆ ಮೊದಲೇ ವಾಪಸ್ ಕರೆದುಕೊಂಡು ಹೋದರೆ ಜಿಲ್ಲೆಯ ಲೆಕ್ಕದಲ್ಲಿ ಅದು ಇಲ್ಲ. ಅದಕ್ಕೇ ಅಂಥ ಸಮಯದಲ್ಲಿ “ಬೆನ್ನಿಗೆ ಸೂಜಿ ಹಾಕಬೇಕು” ಅಂತ ಡಾಕ್ಟರ್ ಹೇಳಿದರೆ ಹೆದರಿ ಬೇಡ ಅನ್ನಬೇಡಿ. ನಿಮ್ಮ ಮಗುವಿನ ಚಿಕಿತ್ಸೆಗೆ ಅದು ಬೇಕು. ಊರಿನ ಮಕ್ಕಳಿಗೆ ಲಸಿಕೆ ಬರಬೇಕೋ ಬೇಡವೋ ಅನ್ನುವುದಕ್ಕೂ ಅದೇ ಆಧಾರ.

ಎಲ್ಲರಿಗೂ ಹಾಕಿಬಿಟ್ಟರೆ ಆಗದಾ

ಅನುಮಾನ ಯಾಕೆ, ಸುಮ್ನೆ ಎಲ್ಲರಿಗೂ ಹಾಕಿಬಿಡಲಿ ಅನ್ನಿಸುವುದು ಸಹಜ. ಲಸಿಕೆ ಹಾಕುವ ದಿನ ಅಂಗನವಾಡಿಯ ಮೇಜಿನ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿದರೆ ಇದು ಅಷ್ಟು ಸಲೀಸಲ್ಲ ಅಂತ ಗೊತ್ತಾಗುತ್ತದೆ.

ಸಿಸ್ಟರ್ ತರುವ ಆ ಡಬ್ಬಿಯಲ್ಲಿ ನಾಲ್ಕು ಐಸ್ ಪ್ಯಾಕ್ ಇರುತ್ತವೆ, ನಡುವೆ ಲಸಿಕೆ. 2ರಿಂದ 8 ಡಿಗ್ರಿಯ ಒಳಗೇ ಇರಬೇಕು. ದಡಾರ-ರುಬೆಲ್ಲಾ ಬಾಟಲಿಯಲ್ಲಿ ಪುಡಿ ಇರುತ್ತದೆ. ಅದಕ್ಕೆ ದ್ರವ ಬೆರೆಸಿದ ಕೂಡಲೇ ಸಿಸ್ಟರ್ ಬಾಟಲಿಯ ಮೇಲೆ ಸಮಯ ಬರೆಯುತ್ತಾರೆ. ಅಲ್ಲಿಂದ ನಾಲ್ಕು ಗಂಟೆ, ಅಷ್ಟೆ. ಮಿಕ್ಕಿದ್ದನ್ನು ಬಿಸಾಡಲೇಬೇಕು. ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗಾಗುವಷ್ಟು ಡೋಸ್ ಇರುತ್ತದೆ, ಬಂದಿರುವುದು ಎರಡೇ ಮಗು ಆದರೂ ಒಡೆಯಬೇಕು. ಬಿಸಿಜಿಗೂ ಹೀಗೆ, ಪುಡಿ ರೂಪದ ಜೆಇ ಲಸಿಕೆಗೂ ಹೀಗೆ. ಮಳೆಗಾಲದಲ್ಲಿ ದೂರದ ಹಾಡಿಗೆ ಡಬ್ಬಿ ಹೊತ್ತು ಹೋದರೆ ಮಕ್ಕಳ ಸಂಖ್ಯೆ ಇನ್ನೂ ಕಡಿಮೆ. ಪಟ್ಟಿಗೆ ಇನ್ನೊಂದು ಲಸಿಕೆ ಸೇರಿತು ಅಂದರೆ ಇದೆಲ್ಲ ಇನ್ನೊಂದು ಸಲ.

ಮಗುವಿನ ಕಡೆಯಿಂದಲೂ ನೋಡಬೇಕು. ಒಂಬತ್ತು ತಿಂಗಳ ಭೇಟಿಯಲ್ಲಿ ಈಗಲೇ ದಡಾರ-ರುಬೆಲ್ಲಾ, ಪಿಸಿವಿ, ಪೋಲಿಯೊ ಅಂತ ಮೂರು ಚುಚ್ಚು. ಜೆಇ ಸೇರಿದರೆ ನಾಲ್ಕು. ಯಾವ ಲಸಿಕೆಗೂ ಸಣ್ಣಪುಟ್ಟ ಜ್ವರ, ನೋವು ಇದ್ದೇ ಇರುತ್ತದೆ, ತೀರಾ ಅಪರೂಪಕ್ಕೆ ದೊಡ್ಡ ತೊಂದರೆಯೂ ಆಗಬಹುದು. ರೋಗದ ಭಯ ನಿಜವಾಗಿ ಇರುವ ಕಡೆ ಲಾಭದ ಮುಂದೆ ಅದು ಲೆಕ್ಕಕ್ಕಿಲ್ಲ. ರೋಗವೇ ಇಲ್ಲದ ಕಡೆ ಲಾಭದ ತಟ್ಟೆ ಖಾಲಿ. ಈ ತೂಗಾಟ ಮಾಡಿ ಕೇಂದ್ರಕ್ಕೆ ಸಲಹೆ ಕೊಡಲು ತಜ್ಞರದ್ದೇ ಒಂದು ರಾಷ್ಟ್ರೀಯ ಗುಂಪಿದೆ, ಎನ್‌ಟಿಎಜಿಐ ಅಂತ. 2001ರಿಂದ ಕೆಲಸ ಮಾಡುತ್ತಿದೆ.

ಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದಲ್ಲ

ಜಿಲ್ಲೆಗಳು ಸೇರುತ್ತಾ ಹೋಗುತ್ತವೆ, 2022ರಲ್ಲಿ ನೋಡಿದೆವಲ್ಲ. ಕೆಲವೊಮ್ಮೆ ಜಾಗ ನೋಡಿ ಕೊಡುತ್ತಿದ್ದ ಲಸಿಕೆ ಎಲ್ಲರದ್ದೂ ಆಗುತ್ತದೆ. ಅಮೆರಿಕದಲ್ಲಿ ಹೆಪಟೈಟಿಸ್ ಎ ಲಸಿಕೆಯನ್ನು 1999ರಲ್ಲಿ ರೋಗ ಜಾಸ್ತಿ ಇದ್ದ ರಾಜ್ಯಗಳ ಮಕ್ಕಳಿಗೆ ಹಾಕಿಸಲು ಹೇಳಿದರು. ಅಲ್ಲಿ ರೋಗ ಇಳಿಯಿತು. ಆಮೇಲೆ ನೋಡಿದರೆ ಉಳಿದ ರೋಗಿಗಳಲ್ಲಿ ಹೆಚ್ಚಿನವರು ಲಸಿಕೆ ಹೇಳದ ರಾಜ್ಯದವರು. 2006ರಲ್ಲಿ ಎಲ್ಲ ಮಕ್ಕಳಿಗೂ ಹೇಳಿದರು. ಇದರ ಉಲ್ಟಾವೂ ಇದೆ. ನಮ್ಮಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹಾಕುವ ಬಿಸಿಜಿಯನ್ನು ಬ್ರಿಟನ್ ಶಾಲಾ ಮಕ್ಕಳೆಲ್ಲರಿಗೂ ಹಾಕುವುದನ್ನು 2005ರಲ್ಲಿ ನಿಲ್ಲಿಸಿತು. ಅಲ್ಲಿ ಈಗ ಕ್ಷಯದ ಅಪಾಯ ಇರುವವರಿಗಷ್ಟೇ ಕೊಡುತ್ತಾರೆ.

ಜಾಗ ನೋಡಿ ಹಾಕುವ ಲಸಿಕೆಯ ಇನ್ನೊಂದು ಕಥೆ ನಮ್ಮ ಮಲೆನಾಡಿನದ್ದೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಗೆ, ರೋಗ ಕಂಡ ಊರಿನ ಸುತ್ತಮುತ್ತಲಿನವರಿಗೆ ಲಸಿಕೆ ಹಾಕುತ್ತಿದ್ದರು. ಮಕ್ಕಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದು ಇರಲಿಲ್ಲ. ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ಅದನ್ನು ನಿಲ್ಲಿಸಿದರು, ಹೊಸದನ್ನು ತಯಾರಿಸುವ ಕೆಲಸ ನಡೆದಿದೆ.

ಮಗು ಊರು ಬದಲಾಯಿಸಿದರೆ

ಜಾಗ ನೋಡಿ ಲಸಿಕೆ ಹಾಕುವ ಪದ್ಧತಿಗೆ ನಿಜವಾದ ಕಷ್ಟ ಬರುವುದು ಇಲ್ಲಿ. ಜಿಲ್ಲೆ ಕದಲುವುದಿಲ್ಲ, ಮಕ್ಕಳು ಕದಲುತ್ತಾರೆ. ಕೊಡಗಿನಲ್ಲಂತೂ ಇದು ದಿನದ ಮಾತು. ಕಾಫಿ ಕುಯ್ಲಿಗೆ ಅಸ್ಸಾಂನಿಂದ, ಉತ್ತರ ಕರ್ನಾಟಕದಿಂದ ಕುಟುಂಬಗಳು ಬಂದು ಲೈನ್ ಮನೆಗಳಲ್ಲಿ ಇರುತ್ತವೆ. ಅಲ್ಲಿ ಮೊದಲ ಡೋಸ್ ಜೆಇ ಪಡೆದ ಮಗುವಿಗೆ ಎರಡನೆಯದರ ಸಮಯ ಬರುವಾಗ ಅದು ಇಲ್ಲಿರುತ್ತದೆ. ಇಲ್ಲಿನ ಮಗು ಅಪ್ಪನ ಕೆಲಸಕ್ಕೆ ಅಂತ ಮಂಡ್ಯಕ್ಕೋ ಮಂಗಳೂರಿಗೋ ಹೋಗುತ್ತದೆ.

ಊರು ಬಿಟ್ಟು ಬಂದ ಮಗುವಿಗೆ ಈಗ ಇರುವ ಊರಿನ ಪಟ್ಟಿ ಅನ್ವಯ. ಜೆಇ ಪಟ್ಟಿಯ ಜಿಲ್ಲೆಗೆ ಮನೆ ಬದಲಾಯಿಸಿದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ, “ನಾವು ಕೊಡಗಿನಿಂದ ಬಂದವರು ಸಿಸ್ಟರೇ, ಮಗುವಿಗೆ ಜೆಇ ಆಗಿಲ್ಲ” ಅಂತ ಹೇಳಿದರೆ ಸಾಕು. ಅವರಾಗಿಯೇ ಕೇಳಲಿ ಅಂತ ಕಾಯಬೇಡಿ. ಒಂಬತ್ತು ತಿಂಗಳು ದಾಟಿ ಹೋಯಿತು ಅಂತ ಗಾಬರಿಯೂ ಬೇಡ, ಈ ಲಸಿಕೆಯನ್ನು ಕಾರ್ಯಕ್ರಮದಲ್ಲಿ 15 ವರ್ಷದವರೆಗೆ ಹಾಕಲು ಅವಕಾಶ ಇದೆ. ಅಂಥ ಕಡೆ ತಿಂಗಳುಗಟ್ಟಲೆ ಇರಲು ಹೋಗುವವರು ಮೊದಲೇ ಮಕ್ಕಳ ಡಾಕ್ಟರನ್ನು ಕೇಳಬಹುದು, ಖಾಸಗಿಯಲ್ಲೂ ಲಸಿಕೆ ಸಿಗುತ್ತದೆ. ಕಾರ್ಡ್ ಕಳೆದುಹೋಗಿದ್ದರೆ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ನೋಂದಣಿ ಆಗಿದೆಯಾ ನೋಡಿಸಿ. ಆಗಿದ್ದರೆ ಯಾವ ಊರಿನಲ್ಲಿದ್ದರೂ ಯಾವ ಡೋಸ್ ಆಗಿದೆ ಅಂತ ಅದರಲ್ಲಿ ಕಾಣುತ್ತದೆ.

ಕಾರ್ಡಿನಲ್ಲಿ ಜೆಇ ಬಿಟ್ಟು ಬೇರೆ ಸಾಲು ಖಾಲಿ ಇದ್ದರೆ ಅದು ಬೇರೆ ಮಾತು. ಅಲ್ಲಿ ಜಿಲ್ಲೆಯ ಕಾರಣ ಇಲ್ಲ, ಡೋಸ್ ತಪ್ಪಿದೆ ಅಂತಲೇ ಅರ್ಥ. ತಡ ಮಾಡುವಂತಿಲ್ಲ. ರೋಟಾ ಮತ್ತು ಪಿಸಿವಿಯ ಮೊದಲ ಡೋಸ್ ಮಗುವಿಗೆ ಒಂದು ವರ್ಷ ತುಂಬುವ ಒಳಗೇ ಆಗಬೇಕು, ಆಮೇಲೆ ಕಾರ್ಯಕ್ರಮದಲ್ಲಿ ಶುರು ಮಾಡುವುದಿಲ್ಲ. ಗುರುವಾರ ತಪ್ಪಿದರೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಮುಂದಿನ ಸರದಿ ಎಲ್ಲಿ ಅಂತ ಅವರೇ ಹೇಳುತ್ತಾರೆ.